ಎತ್ವದ ದೀರ್ಘ

ನನ್ನ ಸಾಲಿ ಮರಾಠಿ, ಮನಿ ಕನ್ನಡ.
ಹನ್ನೆರಡು ವರ್ಷದಾಕಿ ಇದ್ದಾಗ
ದೊಡ್ಡಾಯಿ ಹೇಳಿದ್ದು ಹೇಳಿದಾಂಗ ಬರಕೊಂಡೆ.
ಮಾತು ಆಕಿವು, ಅಕ್ಷರ ಗುರೂಜಿವು.
ವಹಿ ರಟ್ಟಿನ ಮ್ಯಾಲ ದುಧನಿ ಅಡತ ಅಂಗಡಿ ಹೆಸರು,
ಮೊದಲ ಎಂಟು ಹಾಳಿ ತೊಗರಿ ಧಾರಣಿ,
ಒಂಬತ್ತನೇದರಿಂದ ನಮ್ಮ ಮಂದಿ.

ಪ್ಲೇಗಿನಾಗ ಊರು ಬಿಟ್ಟು
ಹೊಲದಾಗ ಗುಡಸಲಾ ಹಾಕಿದ ಮೂರು ತಿಂಗಳು.
ಯಾವ ಎತ್ತಿಗಿ ಯಾವ ಹೆಸರು.
ಯಾರಿಂದ ಎಷ್ಟು ಶೇರು ಜ್ವಾಳ ಬರೂದದ, ಇನ್ನೂ.
ಎಮ್ಮಿ ಹಿಂಡಕೋತ ಹೇಳತಿದ್ದಳು.
ಚರಗಿಗಿ ಹಾಲು ಬೀಳೂ ಸಪ್ಪಳದಾಗ
ಅರ್ಧ ಹೆಸರು ಮುಳಗಿ ಹೋದವು.
"ಏನಂದಿ?" ಅಂದರ
"ಎಮ್ಮಿ ಬೆದರತದ, ಸುಮ್ಮ ಬರಿ."

ಈಗ ನನಗ ಐವತ್ತಮೂರು.
ಸೊಸಿ ಅಫಜಲಪುರದಾಕಿ, ಕನ್ನಡ ಸಾಲಿ ಕಲ್ತಾಕಿ.
ಸಂಜಿಮುಂದ ಆಕಿ ರೊಟ್ಟಿ ಬಡೀತಾಳ,
ನಾನು ಬಾಜೂಕ ಪಾಟಿ ಹಿಡದು ಕುಂದರತೀನಿ.
ಕ-ಕ್ಕ ತಲಕಟ್ಟು, ಕ-ಕ್ಕ ಗುಡಿಸು.
ಹಿಟ್ಟಿನ ಬೆರಳಿಂದ ತಿದ್ದತಾಳ;
ನನ್ನ ತಪ್ಪಿನ ಮ್ಯಾಲೆಲ್ಲಾ ಜ್ವಾಳದ ಹಿಟ್ಟು.

ವಹಿ ಕನ್ನಡಕ್ಕ ತರಾಕತ್ತೀನಿ, ದಿನಕ್ಕ ಅರ್ಧ ಹಾಳಿ.
ಮರಾಠಿ ಅಕ್ಷರದಾಗ ಗಿಡ್ಡ ಎ ಇಲ್ಲ, ಗಿಡ್ಡ ಒ ಇಲ್ಲ.
ಎಮ್ಮಿ ಕೋಡು, ಸಾಲ ಕೊಡು,
ಎರಡೂ ಒಂದ ಅಂಗಿ ತೊಟ್ಟು ಕುಂತಾವ.
ಹಿಂದಮುಂದ ನೋಡಿದರ ಗೊತ್ತಾಗತದ, ಬಾಳ ಸಲ.
ನಲವತ್ತೊಂದನೇ ಹಾಳ್ಯಾಗ ಗೊತ್ತಾಗಲಿಲ್ಲ.

ನೀಲವ್ವ ಕೆರಿಗಿ ಹೋದಾಕಿ ತಿರಗಿ ಬರಲಿಲ್ಲ.
ನೀಲವ್ವ ಕೇರಿಗಿ ಹೋದಾಕಿ ತಿರಗಿ ಬರಲಿಲ್ಲ.

ಕೆರಿ ಆದರ ನೀರು.
ಕೇರಿ ಆದರ ಒಬ್ಬಾತನ ಮನಿ, ಒಲಿ, ಕೂಸು,
ನಮ್ಮವರು ನೀರು ಮುಟ್ಟದ ಕಡೆ.
ದೊಡ್ಡಾಯಿಯ ತಂಗಿ ಆಕಿ. ಹದಿನೇಳು ವರ್ಷ.
ಮುಂದಿನ ಸಾಲಿನಾಗ ಎಮ್ಮಿ ಗಬ್ಬಾದ ಸುದ್ದಿ.

ವಾಗ್ದರಿಗಿ ಹೋದೆ. ಆ ಪೈಕಿ ಉಳದಾವರು
ರಾಚಪ್ಪ ಮುತ್ಯಾ ಒಬ್ಬರ, ತೊಂಬತ್ತು ದಾಟೇದ.
ಹಲ್ಲಿಲ್ಲದ ಬಾಯಾಗ
ಗಿಡ್ಡ ಉದ್ದ ಎಲ್ಲಾ ಮೆತ್ತಗ.
ಎರಡು ಸಲ ಕೇಳಿದೆ.
ಸುಣ್ಣದ ಡಬ್ಬಿ ಮುಚ್ಚಿ, ಮತ್ತ ತಗದು, ಮತ್ತ ಮುಚ್ಚಿ
"ಅದೂ ಅಷ್ಟ, ಇದೂ ಅಷ್ಟ ತಂಗಿ.
ದಿನಕರ್ಮ ಮಾಡಿ ಕೈ ತೊಳದೀವಿ" ಅಂದರು.
ಚಹಾ ಕುಡದು ಎದ್ದೆ.

ಬಸ್ಸಿನಾಗ ಹೊಳ್ಳಿ ಬರೂವಾಗ
ವಹಿಯಾಗ ಇರದ್ದು ಒಂದು ನೆನಪಾತು.

ಪಂಚಮಿಗಿ ದೊಡ್ಡಾಯಿ ಐದು ಎಳ್ಳುಂಡಿ
ಹೊಸ ಖಣದಾಗ ಗಂಟ ಕಟ್ಟಿ
ನನ್ನ ಕೈಯಾಗ ಕೊಡತಿದ್ದಳು.
"ಒಡ್ಡಿನ ಬುಡಕ, ಬೇವಿನ ಗಿಡದ ಕಲ್ಲಿನ ಮ್ಯಾಲ ಇಟ್ಟು ಬಾ.
ಹೊಳ್ಳಿ ನೋಡಬ್ಯಾಡ."
ಅಲ್ಲೇ ಕೆರಿ ಮುಗೀತದ, ಅಲ್ಲೇ ಕೇರಿ ಸುರುವಾಗತದ.
ಗಂಗವ್ವಗ ಉಡಿ ಅಂತ ತಿಳದಿದ್ದೆ,
ಹೊಳ್ಳಿ ನೋಡಲಿಲ್ಲ, ಒಂದು ವರ್ಷಾನೂ.

ಆದರ ಒಂದು ಪಂಚಮಿ, ಅಂಗಡಿಯಾಗ
ಖಣ ಹರಸೂವಾಗ ಕೈ ಅಡ್ಡ ಹಿಡದು ನಿಲ್ಲಿಸಿ
"ಒಂದು ಗೇಣು ಹೆಚ್ಚಗಿ ಹರಿಯಪ್ಪಾ" ಅಂದಿದ್ದಳು.
ಆಮ್ಯಾಲ ತನಗ ತಾನ, ಗೋಡಿ ಕಡೆ ನೋಡಿ:
"ಈಗ ಮೈ ತುಂಬಿರಬೇಕು."

ರಾತ್ರಿ ಲೈಟ್ ಹೋಗಿತ್ತು.
ಚಿಮಣಿ ಬೆಳಕಿನಾಗ ಎತ್ವ ಬರದು ನಿಂತೆ.
ಸೊಸಿ ಹೆಗಲ ಮ್ಯಾಲಿಂದ ಬಗ್ಗಿ
"ದೀರ್ಘ ಬೇಕೇನತ್ತಿ?" ಅಂದಳು.
ಬೇಕು ಅಂದೆ.
ಎಳದೆ. ಕೈ ನಡುಗಿ ಗೆರಿ ದಾಟಿ
ಹಾಳಿ ಅಂಚಿನ ತನಕ ಹೋತು.
ತಿದ್ದಾಕ ಬೆರಳು ಎತ್ತಿದಾಕಿ
ನನ್ನ ಮಾರಿ ನೋಡಿ ಹಿಂದಕ್ಕ ತಗೊಂಡಳು.

ಆಮ್ಯಾಲ ಎಮ್ಮಿ ಗಬ್ಬಾದ ಸುದ್ದಿ ಬರದೆ.
ಅದರಾಗ ಒಂದೂ ತಪ್ಪಿಲ್ಲ.