ಎರವಲು ಮೂಗು

ಧನುರ್ಮಾಸದ ಮೊದಲ ವಾರ. ಜೆಪ್ಪುವಿನಲ್ಲಿ
ಹಂಚಿನ ಅಂಚಿಂದ ಇಬ್ಬನಿ ತೊಟ್ಟಿಕ್ಕುವ ಹೊತ್ತಿಗೆ
ಊರಿಗೆಲ್ಲ ಶೀತ.
ಊರಿಗೆ ಶೀತವೆಂದರೆ ನನಗೆ ಸುಗ್ಗಿ,
ಹೇಳಬಾರದು, ಆದರೆ ಹೌದು.
ಕಂಕನಾಡಿಯ ಎರಡು ಅಂಗಡಿ, ವೆಲೆನ್ಸಿಯಾದ ಒಂದು ಬೇಕರಿ,
ಕಾಲು ಕಿಲೋದ ನಲವತ್ತು ಕಟ್ಟು ಕಷಾಯದ ಹುಡಿ
ಶನಿವಾರದೊಳಗೆ ಬೇಕು.

ಬುಧವಾರ ಬೆಳಗ್ಗೆ ನನ್ನ ಮೂಗು ಕಟ್ಟಿತು.

ಹುರಿಯುವವಳಿಗೆ ಮೂಗಿಲ್ಲವೆಂದರೆ
ಕಂಡಕ್ಟರನಿಗೆ ಗಂಟಲು ಹೋದ ಹಾಗೆ.
ಬಸ್ಸೇನೋ ಹೋಗುತ್ತದೆ,
ಎಲ್ಲಿಗೆಂದು ಹೇಳುವವರಿಲ್ಲ.

ನನ್ನದೇ ಹುಡಿ ಕುದಿಸಿ, ಬೆಲ್ಲ ಹಾಕಿ, ಹಾಲು ಬಿಟ್ಟು ಕುಡಿದೆ.
ಬಿಸಿ ಗೊತ್ತಾಯಿತು, ಸಿಹಿ ಗೊತ್ತಾಯಿತು,
ಮತ್ತೆ ಬರೀ ಕಂದು ನೀರು.
ಇಪ್ಪತ್ತೆರಡು ವರ್ಷ ಇದನ್ನೇ ಮಾರಿದ್ದೇನೆ.

ಕಲಿಸಿದ ಗುಲಾಬಕ್ಕ ಹೇಳುತ್ತಿದ್ದರು:
ಕಣ್ಣನ್ನು ನಂಬಬೇಡ ಲೋಲಾಕ್ಷಿ,
ಕರಿ ಬಾಣಲೆಯಲ್ಲಿ ಎಲ್ಲವೂ ಕಪ್ಪೇ ಕಾಣುವುದು.
ಮೂಗನ್ನು ಕೇಳು.
ಮೂಗೇ ಬಾಗಿಲು ಹಾಕಿಕೊಂಡರೆ ಯಾರನ್ನು ಕೇಳುವುದೆಂದು
ಹೇಳದೆಯೇ ಹೋದರು.

ಸಂಜೆ ಬಾಗಿಲಲ್ಲಿ ಪ್ರೀಷ್ಮಾ. ಪಕ್ಕದ ಮನೆ, ಏಳು ವರ್ಷ.
ಅಮ್ಮ ವೆನ್ಲಾಕಿನ ರಾತ್ರಿ ಪಾಳಿಗೆ ಮುಂಚೆ ಮಲಗುವ ಹೊತ್ತು,
ಸದ್ದು ಮಾಡಬಾರದೆಂದು ನನ್ನಲ್ಲಿಗೆ ಗಡೀಪಾರು.
"ಪ್ರೀಷ್ಬಾ," ಅಂದೆ, "ನಿನ್ನ ಬೂಗು ಸ್ವಲ್ಪ ಬೇಕಿತ್ತು."
ನಕ್ಕು ನಕ್ಕು ಹೊಸ್ತಿಲಲ್ಲೇ ಕೂತಳು.

ಸ್ಟೂಲು ಎಳೆದು ಒಲೆಯ ಹತ್ತಿರ ಕೂರಿಸಿದೆ.
ಬಾಣಲೆಗೆ ಕೊತ್ತಂಬರಿ.
"ಈಗ ಎಂತ?"
"ಎಂತ ಇಲ್ಲ."
"ಈಗ?"
"ಕಿತ್ತಳೆ ಸಿಪ್ಪೆ."
ಸಟ್ಟುಗ ಆಡಿಸುತ್ತಾ ಹೋದೆ.
"ಈಗ ಚರ್ಚಿನ ಬೆಂಚು."
ಗುಲಾಬಕ್ಕನ ಪಾಠದಲ್ಲಿ ಬೆಂಚು ಇರಲಿಲ್ಲ.
"ಈಗ ಪಪ್ಪನ ಶರ್ಟು, ಇಸ್ತ್ರಿ ಹಾಕುವಾಗ."
ಇಳಿಸಿದೆ. ಯಾಕೆಂದು ಕೇಳಬೇಡಿ.
ಒಂದು ಕಾಳು ಕಚ್ಚಿದೆ, ಕಟುಂ ಅಂದಿತು,
ಕಿವಿ ಒಪ್ಪಿತು.

ಜೀರಿಗೆಗೆ ಅಜ್ಜಿಯ ಟ್ರಂಕು ಎಂದಳು.
ಕಾಳುಮೆಣಸಿಗೆ ಮಾತಿಲ್ಲ, ಮೂರು ಸೀನು.
ಶುಂಠಿಗೂ ಜ್ಯೇಷ್ಠಮಧುವಿಗೂ ಬರೀ ಬಿಸಿ ತೋರಿಸಿದರೆ ಸಾಕು.
ಮೆಂತೆಯಲ್ಲಿ ಸೋತೆವು.
ಅವಳು ಕಿಟಕಿಯಾಚೆ ಬೆಕ್ಕು ನೋಡುತ್ತಿದ್ದಳು,
ನಾನು ಅವಳ ಮುಖ ನೋಡುತ್ತಿದ್ದೆ,
ಹೊಗೆ ಕಂಡಾಗ ತಡವಾಗಿತ್ತು.
ಆ ಸುಟ್ಟ ಮೆಂತೆ ಎಸೆಯಲು ಮನಸ್ಸಾಗದೆ
ಈಗಲೂ ದಿನಕ್ಕೊಂದು ಚಮಚ ನಾನೇ ಕುಡಿಯುತ್ತಿದ್ದೇನೆ.

ಕೂಲಿ ಒಂದು ಲೋಟ ಕಷಾಯ:
ಹಾಲು ಮುಕ್ಕಾಲು, ಬೆಲ್ಲ ಎರಡು ತುಂಡು,
ಹುಡಿ ಹೆಸರಿಗೆ.
ಊದಿ ಊದಿ ಕುಡಿದಳು, ಬಿಳಿ ಮೀಸೆ ಬಂತು.
"ಹೇಗುಂಟು?"
"ಬೆಂಚಿಗೆ ಬೆಲ್ಲ ಹಾಕಿದ ಹಾಗೆ."

ಶನಿವಾರ ಕಟ್ಟುಗಳು ಹೋದವು.
ಭಾನುವಾರ ಮಧ್ಯಾಹ್ನ,
ಕಷಾಯದಿಂದ ಅಂತ ಗಿರಾಕಿಗಳಿಗೆ ಹೇಳುತ್ತೇನೆ,
ಶೀತವೇ ದಣಿದು ಹೋದದ್ದೂ ಇರಬಹುದು,
ಪಕ್ಕದ ಮನೆಯ ಬಂಗುಡೆ ಗಸಿ ಗೋಡೆ ಹಾರಿ ಬಂದು
ಮೂಗಿನೊಳಗೆ ಚಕ್ಕಳಮಕ್ಕಳ ಹಾಕಿ ಕೂತಿತು.
ಒಳಗೆ ಓಡಿ ಡಬ್ಬಿಯ ಮುಚ್ಚಳ ತೆಗೆದೆ.
ನನ್ನ ಹುಡಿಯೇ. ಆದರೂ ಅಲ್ಲ.
ಅರೆಗಳಿಗೆ ಹೆಚ್ಚು ಹುರಿದದ್ದು.
ನಾನಾಗಿದ್ದರೆ ಚರ್ಚಿನ ಬೆಂಚಿಗೇ ಇಳಿಸುತ್ತಿದ್ದೆ.

ಸೋಮವಾರ ಬೇಕರಿಯ ಬೋನಿಫಾಸರ ಫೋನು:
"ಇನ್ನಿಪ್ಪತ್ತು ಕಟ್ಟು ಬೇಕಕ್ಕ.
ಈ ಸಲದ್ದು ಬೇರೆಯೇ ಉಂಟಲ್ಲ, ಎಂತ ಹಾಕಿದಿರಿ?"

ಬಾಣಲೆ ಇಟ್ಟೆ. ಸ್ಟೂಲು ಎಳೆದೆ.
ಗೋಡೆಯಾಚೆ ಕೂಗಿದೆ: ಪ್ರೀಷ್ಮಾ.
ಈಗ ಮಕಾರ ಮಕಾರವಾಗಿಯೇ ಬಂತು.
ಉತ್ತರ ಅವಳ ಅಮ್ಮನದು:
"ಅವಳಿಗೆ ಜೋರು ಶೀತ, ಎದ್ದಿಲ್ಲ."

ಕೊತ್ತಂಬರಿ ಬಿಸಿಯಾಗುತ್ತಿತ್ತು.
ಸಿಪ್ಪೆ ದಾಟಿತು, ಬೆಂಚು ದಾಟಿತು.
ಕಂಡೂ ಕಾಣದ ಒಂದು ಶರ್ಟಿಗಾಗಿ
ಮೂಗು ಮುಂದೆ ಚಾಚಿ ನಿಂತೆ.
ಆಚೆ ಒಲೆಯಲ್ಲಿ ಹಾಲು ಮುಕ್ಕಾಲು ಲೋಟ,
ಬೆಲ್ಲ ಈ ಸಲ ಮೂರು ತುಂಡು.