ಬೋರಲು ಕಲ್ಲು

ಹತ್ತೊಂಬತ್ತು ವರ್ಷ ನಾನು ಹಾಲಿನ ಕ್ರೇಟು ಇಳಿಸಿದ್ದು
ಅದರ ಬೆನ್ನ ಮೇಲೆ.
ಅಂಚೆ ನೌಕರರ ಬಡಾವಣೆ, ಎರಡನೇ ಹಂತ,
ಶಿವಮೊಗ್ಗದಿಂದ ಬಂದರೆ ನಾಲೆ ದಾಟಿ ಎಡಕ್ಕೆ.
ಚರಂಡಿಗೆ ಅಡ್ಡ ಹಾಕಿದ ಚಪ್ಪಡಿ, ಅಷ್ಟೇ.
ಒಂದು ಮೂಲೆ ಕುಟುಕುಟು ಅನ್ನುತ್ತಿತ್ತು,
ಅಡಿಗೆ ಹೆಂಚಿನ ಚೂರು ಕೊಟ್ಟಿದ್ದೆ.

ಬೂತಿನ ಪಕ್ಕದ ಗೋಡೆಗೆ ಕರಿಹಲಗೆ.
ಅದು ಹುಚ್ಚರಾಯಪ್ಪನವರ ಇಲಾಖೆ,
ದುರ್ಗಿಗುಡಿಯ ಪ್ರೆಸ್ಸೊಂದರಲ್ಲಿ ಮೂವತ್ತು ವರ್ಷ
ಮೊಳೆ ಜೋಡಿಸಿದವರು.
ಐದೂವರೆಗೆ ಬರುತ್ತಾರೆ: ಮಫ್ಲರು, ಒದ್ದೆ ಬಟ್ಟೆ, ಎರಡು ಸೀಮೆಸುಣ್ಣ.

*ಮಂಗಳವಾರ ನೀರು ಬರುವುದಿಲ್ಲ.*
*ಎಪ್ಪತ್ತೊಂದನೇ ನಂಬರಿನ ಗಿಳಿ ಹಾರಿಹೋಗಿದೆ. 'ಅಜ್ಜೀ' ಎಂದು ಕೂಗುತ್ತದೆ.*
*ನಿವೃತ್ತ ಲೈನ್‌ಮನ್ ಈರಪ್ಪಯ್ಯ ತೀರಿಕೊಂಡರು. ಹನ್ನೊಂದಕ್ಕೆ.*

ಒಂದಕ್ಷರ ಸೊಟ್ಟ ಇಲ್ಲ. ಜಾಗ ಸಾಲದಿದ್ದರೆ
ಸುದ್ದಿ ಬಿಡುತ್ತಾರೆ,
ಅಕ್ಷರ ಸಣ್ಣ ಮಾಡುವುದಿಲ್ಲ.

ಕಾರ್ತೀಕದ ಒಂದು ಸೋಮವಾರ ಚರಂಡಿ ಕೆಲಸಕ್ಕೆ
ಇಮ್ತಿಯಾಜನ ಜೆಸಿಬಿ ಬಂತು.
ಹೂಳು ಯಾವತ್ತೋ ತುಂಬಿ ಕಲ್ಲಿನ ಹೊಟ್ಟೆಗೆ ಹತ್ತಿತ್ತು.
ಅಂಚಿಗೆ ಹಲ್ಲು ಕೊಟ್ಟು ಎತ್ತಿದರೆ ಮಣ್ಣು ಬಿಡಲಿಲ್ಲ.
ಆಮೇಲೆ, ಹಸಿ ಗಾಯದ ಪಟ್ಟಿ ಬಿಚ್ಚಿದಂಥ ಸದ್ದು.

ಕತ್ತಿ ಎತ್ತಿದವನು. ಕೆಳಗೆ ದನದ ಸಾಲು.
ಮೇಲೆ ಚಾಮರ ಬೀಸುವ ಹೆಂಗಸರು, ಅವರ ಮೇಲೆ ಸೂರ್ಯ, ಚಂದ್ರ.
ಫಿಲೋಮಿನಾ ಟೀಚರ್ ಚಪ್ಪಲಿ ಬಿಟ್ಟರು.
ಅವರನ್ನು ನೋಡಿ ಎಲ್ಲರೂ ಬಿಟ್ಟರು.
ನಾನು ಬಿಡಲಿಲ್ಲ. ಹತ್ತೊಂಬತ್ತು ವರ್ಷ ಆದಮೇಲೆ
ಈಗ ಬಿಟ್ಟು ಏನು?

ಹುಚ್ಚರಾಯಪ್ಪ ಕಲ್ಲಿನ ಕಡೆ ನೋಡಲೇ ಇಲ್ಲ.
ಪಂಚೆ ಎತ್ತಿಕಟ್ಟಿ ಗುಂಡಿಗೆ ಇಳಿದು
ಕುಕ್ಕರಗಾಲಲ್ಲಿ ಕೂತರು.
ಕಲ್ಲಿನಲ್ಲಿದ್ದದ್ದೆಲ್ಲ ಜೇಡಿಯಲ್ಲಿ ಅಚ್ಚಾಗಿತ್ತು:
ಕತ್ತಿ ಎಡಗೈಗೆ ಬಂದಿತ್ತು,
ಅಕ್ಷರ ಬಲದಿಂದ ಎಡಕ್ಕೆ, ಉಬ್ಬಿಕೊಂಡು, ಉಲ್ಟಾ,
ಥೇಟು ಮೊಳೆಯ ಹಾಗೆ.
"ನನ್ನ ಕೇಸು ಇದ್ದಹಾಗೇ ಇದೆಯಲ್ಲ" ಎಂದರು
ನನಗೋ, ಮಣ್ಣಿಗೋ.

ಬಹಳ ಸಿಗಲಿಲ್ಲ. ಹಳೇ ಕೈ; ಅರ್ಧ ಎರೆಹುಳ ತಿಂದಿತ್ತು.
ಮುಟ್ಟದೆ, ಬೆರಳು ಗಾಳಿಯಲ್ಲೇ ಹಿಡಿದು:
ತು.
ಆಮೇಲೆ ಱು.
ಶಕಟರೇಫ! ಅವರ ಕೇಸಿನ ತುದಿಯ ಖಾನೆ;
ಮೂವತ್ತು ವರ್ಷದಲ್ಲಿ ನಾಲ್ಕು ಸಲ ಬೇಕಾಗಿತ್ತಂತೆ,
ಮಿಕ್ಕಂತೆ ಅಲ್ಲಿ ಹಲ್ಲಿ ಮೊಟ್ಟೆ ಇಡುತ್ತಿತ್ತು.
ತುಱು ಅಂದರೆ ದನ. *ತುಱುವಂ ಮಗುೞ್ಚಿ ಸತ್ತಂ.*
ದನ ಹೊಡಕೊಂಡು ಹೋದರು, ಇವನು ಹೋದ,
ದನ ತಿರುಗಿ ಬಂದವು.

"ಹೆಸರು?" ಎಂದರು ಟೀಚರ್.

ಹೆಸರಿದ್ದ ಕಡೆ
ನನ್ನ ಹೆಂಚಿನ ಚೂರು ಕೂತಿತ್ತು.
ಕಲ್ಲಿನಲ್ಲೂ ಆ ಮೂಲೆ ನುಣ್ಣಗೆ,
ಕ್ರೇಟು ಇಟ್ಟಾಗ ಒಮ್ಮೆ, ಎತ್ತಿದಾಗ ಒಮ್ಮೆ
ಕುಟುಕುಟು ಎಂದು ಸವೆದು.
ಯಾರೂ ನನ್ನನ್ನು ಏನೂ ಅನ್ನಲಿಲ್ಲ.

ಮಧ್ಯಾಹ್ನ ಮಣ್ಣಿನ ಮೇಲೆ ಕಾಂಕ್ರೀಟು ಬಿತ್ತು.
ಕಲ್ಲು ಪಾರ್ಕಿನಲ್ಲಿ ನಿಂತಿತು. ಗ್ರಿಲ್ಲಿಗೆ ಹಸಿರು ಬಣ್ಣವೋ ನೀಲಿಯೋ ಎಂದು
ಸಂಘದವರು ಎರಡು ಮೀಟಿಂಗು ಜಗಳಾಡಿದರು.
ಫಲಕದಲ್ಲಿ ದಾನಿಗಳ ಹೆಸರು ಹನ್ನೆರಡಿವೆ.

ಹೆಂಚಿನ ಚೂರು ಚಿಲ್ಲರೆ ಡಬ್ಬಿಯಲ್ಲಿದೆ,
ಕೈ ಹಾಕಿದಾಗೆಲ್ಲ ತಾಗುತ್ತದೆ.

ಮರುದಿನ ಹಲಗೆಯ ಮೇಲೆ:

*ಇಂದು ನೀರು ಬರುವುದಿಲ್ಲ.*
*ಗಿಳಿ ಸಿಕ್ಕಿಲ್ಲ.*
*ದನ ವಾಪಸು ಬಂದಿವೆ. ಬಿಡಿಸಲು ಹೋದವನು ಬಂದಿಲ್ಲ.*
*ಹೆಸರು ಬಲ್ಲವರು ಹಾಲಿನ ಬೂತಿನಲ್ಲಿ ತಿಳಿಸುವುದು.*

ಆರು ಗಂಟೆಯೊಳಗೆ ಇಬ್ಬರು ಬಂದರು.
ಹೆಸರು ಹೇಳಲಿಕ್ಕಲ್ಲ.
"ಯಾರ ಮನೆ ದನ, ಅಕ್ಕಾ?" ಎಂದು ಕೇಳಲಿಕ್ಕೆ.
ನಮ್ಮವೇ ಇರಬೇಕು, ಎಂದೆ,
ಅರ್ಧ ಲೀಟರೋ, ಒಂದೋ?