ಅಂಚು

ಕಾಸರಗೋಡಿನ ತಾಲೂಕಾಫೀಸಿನ ಎದುರು
ಕೊಡೆ ರಿಪೇರಿಯವನಿಗೂ ಲಾಟರಿ ಮೇಜಿಗೂ ನಡುವೆ
ಇಪ್ಪತ್ತೊಂಬತ್ತು ವರ್ಷದಿಂದ ನನ್ನ ಸ್ಟೂಲು.
ಅರ್ಜಿ ಬರೆಯುವವನು ನಾನು.

ಮೊದಲು ಹಾಳೆಯ ಎಡಗಡೆ ಮೂರು ಬೆರಳಗಲ ಮಡಚುತ್ತೇನೆ,
ಉಗುರಿನಿಂದ ಗೀರುತ್ತೇನೆ.
ಆಮೇಲೆ "ಮಾನ್ಯರೇ".
ಆಮೇಲೆ "ಸವಿನಯ ವಿಜ್ಞಾಪನೆ".
ಜನರ ಹೊಟ್ಟೆಯುರಿ ನನ್ನ ಗುಂಡು ಅಕ್ಷರದಲ್ಲಿ
ಬೆವರು ಒರೆಸಿ, ತಲೆ ಬಾಚಿಕೊಂಡು ಒಳಗೆ ಹೋಗುತ್ತದೆ.

ಕೊರಪೊಳುವಿನ ಜಾಗದ ವಿಚಾರಣೆಗೆ ನೋಟೀಸು ಬಂದದ್ದು ಮಲಯಾಳದಲ್ಲಿ.
ಅವಳು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಳು,
ಸರಕಾರದ ಕಾಗದ, ಒಳ್ಳೆಯದೇ ಇರಬೇಕೆಂದು.
ತಾರೀಕು ದಾಟಿತು.

ಕನ್ನಡದಲ್ಲೂ ಕೊಡಿ ಎಂದು ನಾನು ಬರೆದವು ಹದಿನಾಲ್ಕು.
ಹದಿನಾಲ್ಕರಲ್ಲೂ "ತಮ್ಮ ವಿಧೇಯ".
ಆ ಕಟ್ಟಿಗೆ ಗೆದ್ದಲು ಕೂಡ ಮರ್ಯಾದೆ ಕೊಡಲಿಲ್ಲ.

ಹಾಗಾಗಿ ಸೋಮವಾರ ಧರಣಿ.
ಪೆರ್ಲದಿಂದ, ಬದಿಯಡ್ಕದಿಂದ ಜೀಪು ಹಿಡಿದು ಬಂದರು.
ಮುಂದಾಳು ಮುಮ್ತಾಝ್, ಲಾ ಓದುವ ಹುಡುಗಿ,
ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು,
ಜಗಳಕ್ಕೆ ಕನ್ನಡ.
"ಬೋರ್ಡು ನೀವೇ ಬರೆಯಬೇಕು ಮಾವ. ಆ ಮಾನ್ಯರೇ ಮಾತ್ರ ಬೇಡ.
ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಿಟ್ಟು ಕಾಲೇ ಸವೆಯಿತು."
ನನ್ನ ಹೊಟ್ಟೆಪಾಡಿನ ಪದ ಅದು.
ಬಿಟ್ಟೆ. ಬ್ರಶ್ಶು ಹಗುರವಾಯಿತು, ಸುಳ್ಳು ಹೇಳುವುದಿಲ್ಲ.

ಹನ್ನೊಂದರ ಹೊತ್ತಿಗೆ ಸ್ವರ ಏರಿತು.
ಹಿಂದಿನಿಂದ ಒಬ್ಬ, ಹೆಸರು ಬೇಡ, ನನ್ನ ದಾಯಾದಿಯೇ,
ಕಿಟಕಿಯಲ್ಲಿದ್ದ ಕ್ಲಾರ್ಕು ಸಜಿತಳ ಮೇಲೆ ಒಂದು ಮಾತು ಎಸೆದ.
ಅವಳ ಊರಿನ ಮೇಲೆ. ಅವಳ ತಾಯಿಯ ಮೇಲೆ.
ಕೋಟ್ಟಯಂನಿಂದ ವರ್ಗವಾಗಿ ಆರೇ ತಿಂಗಳು.
ಅವಳಿಗೆ ಪದ ಗೊತ್ತಾಗಲಿಲ್ಲ, ಅರ್ಥ ಗೊತ್ತಾಯಿತು.
ನಾವು ಇಷ್ಟು ವರ್ಷ ಬೇಡಿದ ಭಾಷಾಂತರ
ಬೈಗುಳಕ್ಕೆ ಬೇಕಾಗಲೇ ಇಲ್ಲ.
ಕಿಟಕಿ ಮುಚ್ಚಿದಳು.

ಮುಚ್ಚಿದ ಹಲಗೆಗೂ ಸ್ವಲ್ಪ ಹೊತ್ತು ಕೂಗಿದೆವು.
ಗೋಡೆ ನಮ್ಮ ಸ್ವರವನ್ನು ನಮಗೇ ವಾಪಸು ಕೊಟ್ಟಿತು,
ರಶೀದಿ ಇಲ್ಲದೆ.

ಮುಮ್ತಾಝ್ ಮೈಕು ಕೆಳಗಿಟ್ಟು ತಿರುಗಿದಳು.
"ಆ ನೋಟೀಸು ಅಚ್ಚು ಹಾಕಿಸಿದ್ದು ಅವಳ ಅಮ್ಮನೋ?"
ನನ್ನ ದಾಯಾದಿ ಜೇಬಿನಲ್ಲಿ ಬೀಡಿ ಹುಡುಕಿದ.
ಯಾರೂ ಮನೆಗೆ ಹೋಗಲಿಲ್ಲ.
ಮೆಟ್ಟಿಲು ತುಂಬ ಕುಳಿತೇ ಇದ್ದೆವು, ಕೊರಪೊಳು ಎಲ್ಲರಿಗಿಂತ ಮುಂದೆ.
ಊಟಕ್ಕೆ ಹೊರಟ ತಹಶೀಲ್ದಾರರ ಕಾರು
ಗೇಟಿನಲ್ಲಿ ನಿಂತು ನಿಂತು ಬಿಸಿಯಾಯಿತು.
ಅದೂ ಮರ್ಯಾದೆಯೊಳಗೇ ಬರುತ್ತದೆ, ನನ್ನ ಲೆಕ್ಕದಲ್ಲಿ.

ಸಂಜೆ ಹದಿನೈದನೆಯದು ಬರೆದೆ.
ಮಾನ್ಯರೇ ಇಲ್ಲ, ವಿಧೇಯ ಇಲ್ಲ.
ಕೊರಪೊಳು ಎಂಬ ಹೆಸರು, ತಪ್ಪಿದ ತಾರೀಕು,
ನಮ್ಮ ಕೇಳಿಕೆ, ನಮ್ಮ ಗಡುವು.
"ಈ ಅಂಚು ಯಾಕೆ ಮಾವ, ಜಾಗ ಹಾಳು?"
"ಅವರು ಬರೆಯಲಿಕ್ಕೆ."
ಅವಳು ಮಡಿಕೆಯ ಮೇಲೆ ಬೆರಳಾಡಿಸಿದಳು.
ಇರಲಿ, ಎಂದಳು.

ತಟ್ಟಿದಾಗ
ಕಿಟಕಿ ಅಂಗೈಯಷ್ಟು ತೆರೆಯಿತು.

ಗುರುವಾರ ಉತ್ತರ ಬಂತು. ಅಂಚಿನಲ್ಲೇ, ನೀಲಿ ಶಾಯಿ,
ಮಲಯಾಳದಲ್ಲಿ.
ಮುಮ್ತಾಝ್ ಎರಡು ಸಲ ಓದಿದಳು,
ಕೊರಪೊಳುವಿಗೆ ತುಳುವಿನಲ್ಲಿ, ನನಗೆ ಕನ್ನಡದಲ್ಲಿ:
"ಪರಿಶೀಲಿಸಲಾಗುವುದು."
ಎಷ್ಟು ದಿವಸದಲ್ಲಿ ಎಂದು ಕೊರಪೊಳು ಕೇಳಿದಳು.
ಅದು ಬರೆದಿಲ್ಲ.

ಹದಿನಾರನೆಯದಕ್ಕೆ ಹಾಳೆ ಮಡಚುತ್ತಿದ್ದೇನೆ.
ಅಂಚು ಬಿಡುತ್ತೇನೆ, ಕೈಗೆ ರೂಢಿ.
ಆದರೆ ಈ ಸಲ
ಎರಡೇ ಬೆರಳು.